ಗಾಳಿಯ ವಾರ: ಪತ್ರಾ ಮನೆಯನ್ನು ನಾವು ಕಾಯ್ದುಕೊಳ್ಳುವ ಬಗೆ

ಕಲಬುರಗಿ ಕಡೆ ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಹೊತ್ತಿನಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಗಾಳಿ ಎದ್ದರೆ ಒಂದೇ ದಿನಕ್ಕೆ ಮುಗಿಯುವುದು ಕಡಿಮೆ. ಮಧ್ಯಾಹ್ನದವರೆಗೆ ರಣರಣ ಬಿಸಿಲು, ಮೂರು ನಾಲ್ಕು ಗಂಟೆಗೆ ಮೋಡ, ಸಂಜೆ ಧೂಳು, ಗಾಳಿ, ಸಿಡಿಲು, ಒಂದಿಷ್ಟು ಮಳೆ. ಮರುದಿನ ಮತ್ತೆ ಅದೇ. ಹಾಗಾಗಿ ಇಂಥ ವಾರದಲ್ಲಿ ಕೆಲಸವೆಲ್ಲ ಬೆಳಗಿನದು. ಊಟದ ಹೊತ್ತಿನೊಳಗೆ ಬಿಗಿದದ್ದಷ್ಟೇ ಸಂಜೆ ನಿಲ್ಲುತ್ತದೆ. ಗಾಳಿ ಎದ್ದ ಮೇಲೆ ಹಗ್ಗ ಹಿಡಿದು ಮಾಳಿಗೆ ಹತ್ತುವುದು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ನಮ್ಮದು ಮುಂದೆ ಆರ್‌ಸಿಸಿ (ಕಾಂಕ್ರೀಟ್ ಮಾಡಿನ) ಖೋಲಿಗಳು, ಹಿಂದೆ ಪತ್ರಾ, ಅಂದರೆ ಉಬ್ಬು ತಗ್ಗಿನ ತಗಡಿನ ಹಾಳೆ, ಹೊದಿಸಿದ ಅಡುಗೆಮನೆ ಮತ್ತು ಪಡಸಾಲೆ. ಪತ್ರಾ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಕೇಳುವ ಮಾತು, "ಏನಾಗ್ತದ ಬಿಡ್ರಿ, ಮ್ಯಾಲ ಕಲ್ಲು ಇಟ್ಟೀವಲ್ಲ". ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 17 ಕೆ.ಜಿ. ಭಾರದಷ್ಟು. 80 ಕಿ.ಮೀ. ಆದರೆ ಅದು 30 ಕೆ.ಜಿ. ಮುಟ್ಟುತ್ತದೆ, ಏಕೆಂದರೆ ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. 10 ಅಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ಹಾಳೆ ಸುಮಾರು 3.25 ಚದರ ಮೀಟರ್. ಅಂದರೆ ಅದನ್ನು ಮೇಲಕ್ಕೆ ಎಳೆಯುವ ಬಲ 55 ಕೆ.ಜಿ.ಯಿಂದ ಒಂದು ಕ್ವಿಂಟಲ್ ಹತ್ತಿರ. ಹಾಳೆಯ ಸ್ವಂತ ತೂಕ ಬರೀ 15 ಕೆ.ಜಿ. ಆಸುಪಾಸು. ಅದರ ಮೇಲಿಟ್ಟ ಎರಡು ಶಹಾಬಾದ್ ಕಲ್ಲಿನ ತುಂಡು ಎಷ್ಟು ತಡೆದೀತು? ಹಾಳೆ ಎದ್ದಾಗ ಕಲ್ಲು ಜಾರಿ ಕೆಳಗೆ ಮಲಗಿದವರ ತಲೆಯ ಮೇಲೆ ಬೀಳುತ್ತದೆ. ಕಲ್ಲು, ಇಟ್ಟಂಗಿ, ಹಳೆ ಟೈರು, ಏನಿದ್ದರೂ ಮೊದಲು ಕೆಳಗಿಳಿಸಿ. ಇದರಲ್ಲಿ ರಾಜಿ ಬೇಡ.

ಪತ್ರಾ ಹಿಡಿಯಬೇಕಾದದ್ದು ಜೆ ಬೋಲ್ಟು, ಅಂದರೆ ಒಂದು ತುದಿ ಕೊಕ್ಕೆಯಂತೆ ಬಾಗಿದ ಬೋಲ್ಟು. ನಾವು ಬಳಸುವುದು 8 ಎಂ.ಎಂ. ದಪ್ಪದ್ದು, ಕೊಕ್ಕೆ ಪತ್ರಾ ಹೊತ್ತ ಕೆಳಗಿನ ಕಬ್ಬಿಣದ ಪೈಪನ್ನು ತಬ್ಬಬೇಕು, ಮೇಲೆ ರಬ್ಬರ್ ವಾಶರ್, ಅದರ ಮೇಲೆ ಕಬ್ಬಿಣದ ವಾಶರ್, ಆಮೇಲೆ ನಟ್ಟು. ತೂತು ಯಾವಾಗಲೂ ಪತ್ರಾದ ಉಬ್ಬಿನ ಮೇಲೆ. ತಗ್ಗಿನಲ್ಲಿ ಹೊಡೆದರೆ ಅಲ್ಲೇ ನೀರು ಸೋರುತ್ತದೆ. ಕಬ್ಬಿಣದ ವಾಶರ್ ಬಿಟ್ಟರೆ ನಟ್ಟು ತಗಡನ್ನೇ ಹರಿದು ಮೇಲೆ ಬರುತ್ತದೆ. ಪತ್ರಾ ಹಾರಿಹೋದ ಮೇಲೆ ಬೋಲ್ಟುಗಳು ಪೈಪಿನಲ್ಲೇ ಉಳಿದಿದ್ದರೆ ಕಾರಣ ಇದೇ ಎಂದು ತಿಳಿಯಿರಿ. ಗಾಳಿ ಹೆಚ್ಚು ಎಳೆಯುವುದು ಅಂಚು ಮತ್ತು ಮೂಲೆಗಳನ್ನು. ಹಾಗಾಗಿ ನಡುವೆ ಎರಡು ಉಬ್ಬು ಬಿಟ್ಟು ಒಂದು ಬೋಲ್ಟ್ ಇದ್ದರೆ ಅಂಚಿನ ಸಾಲಿನಲ್ಲಿ ಒಂದು ಉಬ್ಬು ಬಿಟ್ಟು ಒಂದು ಹಾಕುತ್ತೇವೆ. ಗೋಡೆಯಿಂದ ಹೊರಗೆ ಚಾಚಿದ ಪತ್ರಾ ಒಂದು ಅಡಿ ಮೀರದಿರಲಿ. ಗಾಳಿಗೆ ಕೈ ಹಾಕಲು ಸಿಗುವುದು ಆ ಭಾಗವೇ.

ಪತ್ರಾ ಪೈಪಿಗೆ ಗಟ್ಟಿಯಾಯಿತು, ಪೈಪು ಗೋಡೆಗೆ? ಮಣ್ಣಿನ ಗಾರೆಯ ಕಲ್ಲುಗೋಡೆಯ ಮೇಲೆ ಪೈಪು ಸುಮ್ಮನೆ ಕೂತಿದ್ದರೆ ಚೌಕಟ್ಟಿನ ಸಮೇತ ಮಾಡು ಎದ್ದುಹೋಗುತ್ತದೆ. ಪೈಪಿನ ಎರಡೂ ತುದಿಗೆ 8 ಗೇಜಿನ ಜಿ.ಐ. ತಂತಿಯನ್ನು ಎರಡು ಸುತ್ತು ಸುತ್ತಿ, ಗೋಡೆಯಲ್ಲಿ ಎರಡೂವರೆ ಅಡಿ ಕೆಳಗೆ ಕಾಂಕ್ರೀಟಿನಲ್ಲಿ ಕೂಡಿಸಿದ ಕಬ್ಬಿಣದ ಸರಳಿಗೆ ಬಿಗಿಯಬೇಕು. ಆಗ ಮೇಲಿನ ಗೋಡೆಯ ತೂಕವೂ ನಮ್ಮ ಕಡೆಗೆ ಬರುತ್ತದೆ. ಸಲಾಕೆ ಕಟ್ಟುವ ಬೈಂಡಿಂಗ್ ತಂತಿ ಇದಕ್ಕೆ ಆಗದು, ನಾಲ್ಕು ಸಲ ಅಲುಗಾಡಿದರೆ ತುಂಡಾಗುತ್ತದೆ. ಈ ಕೆಲಸ ಯುಗಾದಿಯ ಹೊತ್ತಿಗೇ ಮುಗಿದಿರಬೇಕು. ಗಾಳಿಯ ವಾರದಲ್ಲಿ ಬೆಳಿಗ್ಗೆ ಮಾಡುವುದು ಸಡಿಲಾದ ನಟ್ಟು ಬಿಗಿಯುವುದಷ್ಟೇ. ಅದೂ ಪೈಪಿನ ಸಾಲಿನ ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಕಾಲಿಟ್ಟು. ಸಿಮೆಂಟ್ ಪತ್ರಾ ಆದರೆ ಹಲಗೆ ಇಲ್ಲದೆ ಹತ್ತಲೇಬಾರದು.

ಬಟ್ಟೆ ಒಣಹಾಕಲು ಪತ್ರಾದ ಕಂಬಕ್ಕೆ ಕಟ್ಟಿದ ಕಬ್ಬಿಣದ ತಂತಿಯನ್ನು ಇವತ್ತೇ ಬಿಚ್ಚಿ, ನೈಲಾನ್ ಹಗ್ಗ ಕಟ್ಟಿ. ಬೀದಿಯ ಕರೆಂಟಿನ ಕಂಬದಿಂದ ಮನೆಗೆ ಬರುವ ವೈರು ಗಾಳಿಗೆ ಪತ್ರಾದ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿಯುತ್ತದೆ. ಆಮೇಲೆ ಪತ್ರಾ, ಕಂಬ, ತಂತಿ, ಒದ್ದೆ ಬಟ್ಟೆ ಎಲ್ಲಕ್ಕೂ ಕರೆಂಟು. ಮಳೆ ನಿಂತ ಕೂಡಲೇ ಬಟ್ಟೆ ತೆಗೆಯಲು ಹೋದ ಹೆಣ್ಣುಮಕ್ಕಳು ಸಾಯುವುದು ಹೀಗೆ. ವೈರು ಪತ್ರಾಕ್ಕೆ ತಾಗುವ ಕಡೆ ಪಿವಿಸಿ ಪೈಪಿನೊಳಗಿಂದ ಹಾಯಿಸಿ.

ನೀರಿನ ಟ್ಯಾಂಕು ಬೆಳಿಗ್ಗೆ ಕರೆಂಟಿರುವಾಗಲೇ ತುಂಬಬೇಕು. 500 ಲೀಟರ್ ನೀರು ಎಂದರೆ 500 ಕೆ.ಜಿ.; ತುಂಬಿದ ಟ್ಯಾಂಕು ಅಲುಗದು, ಖಾಲಿಯಾದದ್ದು ಉರುಳಿ ಪೈಪು ಕಿತ್ತುಕೊಂಡು ಹೋಗುತ್ತದೆ. ಮುಚ್ಚಳಕ್ಕೆ ಹಗ್ಗ ಇರಲಿ. ಕುಡಿಯುವ ನೀರು ಬೇರೆ ಕೊಡಗಳಲ್ಲಿ, ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ ಎರಡು ದಿನದ್ದು. ಬೋರು ನಂಬಿದವರಿಗೆ ಕರೆಂಟು ಹೋದರೆ ನೀರೂ ಹೋಯಿತು.

ಇನ್ವರ್ಟರಿಗೆ 150 ಆಂಪಿಯರ್ ಅವರ್‌ನ 12 ವೋಲ್ಟ್ ಬ್ಯಾಟರಿ ಇದ್ದರೆ ಲೆಕ್ಕಕ್ಕೆ 1800 ವ್ಯಾಟ್ ಅವರ್, ಆದರೆ 900 ಸಿಗುತ್ತದೆಂದು ಹಿಡಿಯುವುದು ಒಳ್ಳೆಯದು. 75 ವ್ಯಾಟಿನ ಹಳೆ ಫ್ಯಾನು ಎರಡು, 9 ವ್ಯಾಟಿನ ಬಲ್ಬು ಮೂರು ಹಾಕಿದರೆ ಐದು ತಾಸು. ಅದೇ ಫ್ಯಾನುಗಳು 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯವು) ಆದರೆ ಹತ್ತು ತಾಸು, ಅಂದರೆ ರಾತ್ರಿ ಕಳೆಯುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ನೀರೇ ಬೇಕು, ನಳದ ನೀರು ಹಾಕಬೇಡಿ.

ಕರೆಂಟು ಹೋದ ತಕ್ಷಣ ಫ್ರಿಜ್ಜು, ಮೋಟರು ಬಂದ್ ಮಾಡಿ, ಒಂದೇ ಒಂದು ಬಲ್ಬಿನ ಸ್ವಿಚ್ಚು ಹಾಕಿಡುತ್ತೇವೆ. ಕರೆಂಟು ಬಂದಾಗ ಆ ಬಲ್ಬು ಎಂದಿಗಿಂತ ಝಗ್ಗೆಂದು ಉರಿದರೆ ಕೂಡಲೇ ಮೇನ್ ಬಂದ್. ಹೊರಗೆ ನ್ಯೂಟ್ರಲ್ ತಂತಿ ಕಡಿದಿರಬಹುದು. ಆಗ ಮನೆಗೆ 230ರ ಬದಲು 400 ವೋಲ್ಟ್ ಹತ್ತಿರ ಬಂದು ಟಿ.ವಿ., ಫ್ರಿಜ್ಜು ಎಲ್ಲ ಸುಡುತ್ತವೆ. ಸರಿಯಾಗಿದ್ದರೆ ಹತ್ತು ನಿಮಿಷ ಬಿಟ್ಟು ಫ್ರಿಜ್ಜು ಹಾಕಿ. ತಂತಿ ನೆಲಕ್ಕೆ ಬಿದ್ದಿದ್ದರೆ ಹತ್ತು ಮೀಟರ್ ದೂರ ನಿಂತು ಮಂದಿಯನ್ನು ತಡೆದು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಅಡುಗೆಯೂ ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಗಾಳಿಗೆ ಒಲೆ ಆರಿ ಗ್ಯಾಸು ಹಾಗೇ ಹರಿಯುವ ಭಯ ಇರುವುದರಿಂದ ಮೋಡ ಕಟ್ಟಿದೊಡನೆ ರೆಗ್ಯುಲೇಟರ್ ಬಂದ್. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮನೆಯಲ್ಲಿದ್ದರೆ ರಾತ್ರಿಯ ಚಿಂತೆ ಇಲ್ಲ. ರೊಟ್ಟಿಯ ಬುಟ್ಟಿಗೆ ಧೂಳು ಬೀಳದಂತೆ ಎರಡು ಮಡಿಕೆ ಬಟ್ಟೆ ಹೊದಿಸಿ. ಹಾಲು ಉಳಿಸಬೇಡಿ, ಹೆಪ್ಪು ಹಾಕಿಬಿಡಿ.

ಬಿಸಿಗಾಳಿ ಒಮ್ಮೆಲೆ ತಣ್ಣಗಾದರೆ ಹತ್ತು ಹದಿನೈದು ನಿಮಿಷದೊಳಗೆ ಬಿರುಗಾಳಿ ಮನೆ ಮುಟ್ಟುತ್ತದೆ. ಆಗ ಗಾಳಿ ಬರುವ ಕಡೆಯ ಬಾಗಿಲು ಕಿಟಕಿ ಮುಚ್ಚಬೇಕು. "ಒಂದು ಕಡೆ ತೆರೆದಿಡ್ರಿ, ಗಾಳಿ ಹಾದು ಹೋಗ್ಲಿ" ಎನ್ನುವುದು ಪತ್ರಾ ಮನೆಗೆ ಅಪಾಯ. ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ಮಾಡನ್ನು ಒತ್ತುತ್ತದೆ, ಮೇಲಿನ ಗಾಳಿ ಎಳೆಯುತ್ತದೆ, ಎರಡೂ ಕೂಡುತ್ತವೆ. ಧೂಳು ಒಳಗೆ ಬರದಂತೆ ಬಾಗಿಲು ಕಿಟಕಿಯ ಸಂದಿಗೆ ಹಳೆ ಸೀರೆಯನ್ನು ಒದ್ದೆ ಮಾಡಿ ಸುರುಳಿ ಸುತ್ತಿ ಇಡಿ. ಉಬ್ಬಸ ಇರುವ ಹಿರಿಯರಿಗೆ ಇದು ಬಹಳ ಮುಖ್ಯ. ಎಲ್ಲರೂ ಆರ್‌ಸಿಸಿ ಖೋಲಿಗೆ. ಆ ವಾರ ಎಷ್ಟೇ ಸೆಕೆಯಾದರೂ ಮಾಳಿಗೆಯ ಮೇಲೆ, ಬೇವಿನ ಮರದ ಕೆಳಗೆ ಹಾಸಿಗೆ ಹಾಕುವುದಿಲ್ಲ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವುದರೊಳಗಿದ್ದರೆ ಸಿಡಿಲು ಹತ್ತು ಕಿ.ಮೀ. ಒಳಗೇ ಇದೆ, ಕೊನೆಯ ಗುಡುಗು ಕೇಳಿ ಅರ್ಧ ತಾಸಾಗುವವರೆಗೆ ಮಕ್ಕಳನ್ನು ಹೊರಗೆ ಬಿಡಬೇಡಿ. ದಾಮಿನಿ ಆ್ಯಪ್ ಮೊಬೈಲಿನಲ್ಲಿದ್ದರೆ ಸುತ್ತಲಿನ ಸಿಡಿಲು ಕಾಣುತ್ತದೆ.

ಮರುದಿನ ಬೆಳಿಗ್ಗೆ ಮೊದಲು ನೆಲದಿಂದಲೇ ಮೇಲೆ ನೋಡಿ: ವೈರು ಜೋತಿದೆಯೇ, ಅಂಚು ಎದ್ದಿದೆಯೇ, ಕೊಂಬೆ ಮುರಿದು ಸಿಕ್ಕಿಕೊಂಡಿದೆಯೇ. ಆಮೇಲೆ ಮೇನ್ ಬಂದ್ ಮಾಡಿ ಏಣಿ ಇಡಿ. ಮಾಡಿಗೆ ಹಾನಿಯಾಗಿದ್ದರೆ ರಿಪೇರಿಗೆ ಕೈ ಹಾಕುವ ಮುನ್ನ ಒಳಗಿನಿಂದ, ಹೊರಗಿನಿಂದ ಫೋಟೊ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಸರಿ ಮಾಡಿದ ಮೇಲೆ ಹಾನಿ ತೋರಿಸುವುದು ಕಷ್ಟ.