ಹೊರದೇಶಕ್ಕೆ ಹೊಸದಾಗಿ ಬಂದವರಿಗೆ: ಫೋನನ್ನು ಊರಿಗೂ ಇಟ್ಟುಕೊಳ್ಳಿ, ಇಲ್ಲಿಗೂ ಬಳಸಿ

ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಸೇರಿದ ಹೊಸಬರು ಮೊದಲ ವಾರದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಭಾರತದ ಬ್ಯಾಂಕಿನ ಒಟಿಪಿ ಬರುತ್ತಿಲ್ಲ. ಹಳೇ ಸಿಮ್ ಬಂದ್ ಆಗಿದೆ. ಅಲ್ಲಿಂದ ತಂದ ಫೋನಿನಲ್ಲಿ ಇಂಟರ್‌ನೆಟ್ ಬರುತ್ತದೆ, ಕರೆ ಮಾತ್ರ ಹೋಗುತ್ತಿಲ್ಲ. ಇವೆಲ್ಲ ವಿಮಾನ ಹತ್ತುವ ಮೊದಲೇ ಸರಿ ಮಾಡಿಕೊಳ್ಳಬಹುದಾದವು. ಹಾಗಾಗಿ ಇನ್ನೂ ಹೊರಡದೆ ಇರುವವರೂ ಇದನ್ನು ಓದಲಿ ಎಂಬ ಆಸೆ ನನಗಿದೆ.

ಯಾರೂ ಕೇಳದ ವಿಷಯ ಇನ್ನೊಂದಿದೆ. ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಫೋನ್ ಇದ್ದರೆ ಮನೆಯವರ ಸಂಪರ್ಕ ತಾನಾಗಿಯೇ ಉಳಿಯುತ್ತದೆ. ಆದರೆ ಬಂದ ಜಾಗವನ್ನು ಕಲಿಯಲು ಅದೇ ಫೋನನ್ನು ಬಳಸುವುದು ತಾನಾಗಿ ಆಗುವುದಿಲ್ಲ. ಅದಕ್ಕೆ ನೀವೇ ಸಮಯ ಎತ್ತಿಡಬೇಕು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲು ಭಾರತದ ನಂಬರ್

ಬ್ಯಾಂಕ್, ಆಧಾರ್, ಆದಾಯ ತೆರಿಗೆ, ಎಲ್ಲದರ ಒಟಿಪಿ ಬರುವುದು ಈ ನಂಬರಿಗೆ. ಅದು ಕೈತಪ್ಪಿದರೆ ಹೊರದೇಶದಲ್ಲಿ ಕೂತು ವಾಪಸ್ ಪಡೆಯುವುದು ಬಹಳ ಕಷ್ಟ. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಸುಮ್ನೆ ಬಿಟ್ಟರೆ, ಅದರಲ್ಲಿ ಹಣವೂ ಇಲ್ಲದಿದ್ದರೆ, ಕಂಪನಿ ಅದನ್ನು ನಿಲ್ಲಿಸಬಹುದು. ಸ್ವಲ್ಪ ಕಾಲದ ನಂತರ ಆ ನಂಬರ್ ಬೇರೆಯವರಿಗೆ ಹೋಗುತ್ತದೆ. ನಿಮ್ಮ ಬ್ಯಾಂಕಿನ ಮೆಸೇಜು ಯಾರೋ ಅಪರಿಚಿತರ ಫೋನಿಗೆ ಹೋಗುವುದು ಯಾರಿಗೆ ಬೇಕು ಹೇಳಿ? ಒಂದು ಸಣ್ಣ ಪ್ಲಾನ್ ಹಾಕಿಸಿ, ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಮನೆಯಲ್ಲಿ ಒಬ್ಬರಿಗೂ ಹೇಳಿಡಿ.

ಹೊರಡುವ ಮೊದಲು ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ. ಮೆಸೇಜ್ ಬರಲು ಅದು ಬೇಕು. ಆದರೆ ಆ ಸಿಮ್ಮಿನ ಡೇಟಾ ರೋಮಿಂಗನ್ನು ಫೋನ್ ಸೆಟ್ಟಿಂಗಿನಲ್ಲಿ ಆಫ್ ಮಾಡಿ, ಇಲ್ಲದಿದ್ದರೆ ಇಳಿದ ತಕ್ಷಣ ಬಿಲ್ಲು ಏರಲು ಶುರುವಾಗುತ್ತದೆ. ಡೇಟಾ ಏನಿದ್ದರೂ ಹೊಸ ದೇಶದ ಸಿಮ್ಮಿನಲ್ಲಿ.

ಎರಡು ಸಿಮ್ ಹಿಡಿಸುವ ಫೋನ್ ಇದ್ದರೆ ಅರ್ಧ ತಲೆನೋವು ಕಡಿಮೆ. ಒಂದು ಎಚ್ಚರಿಕೆ ಮಾತ್ರ ಇದೆ. 2022ರಲ್ಲಿ ಬಂದ ಐಫೋನ್ 14ರಿಂದ ಹಿಡಿದು ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಚಾಲೂ ಆಗುವ ಸಿಮ್. ಅಲ್ಲಿ ಹೋಗಿ ಹೊಸ ಫೋನ್ ಕೊಳ್ಳುವ ಯೋಚನೆ ಇದ್ದರೆ ಭಾರತದ ಸಿಮ್ಮನ್ನು ಊರಿನಲ್ಲಿದ್ದಾಗಲೇ ಇ-ಸಿಮ್ ಮಾಡಿಸಿಕೊಳ್ಳಿ. ಆ ಬದಲಾವಣೆಗೂ ಮೆಸೇಜು, ಒಟಿಪಿ ಎಲ್ಲ ಬೇಕು. ದೂರದಿಂದ ಮಾಡಲು ಹೋದರೆ ನಡುವೆಯೇ ಸಿಕ್ಕಿಹಾಕಿಕೊಳ್ಳುತ್ತೀರಿ.

ಹಣ ಕಳಿಸುವ ವಿಷಯಕ್ಕೆ ಬಂದರೆ, 2023ರ ಜನವರಿಯಿಂದ ಎನ್‌ಆರ್‌ಇ, ಎನ್‌ಆರ್‌ಒ ಖಾತೆ (ಹೊರದೇಶದಲ್ಲಿರುವ ಭಾರತೀಯರಿಗೆಂದೇ ಇರುವ ಬ್ಯಾಂಕ್ ಖಾತೆಗಳು) ಇರುವವರಿಗೆ ಕೆಲವು ದೇಶಗಳ ನಂಬರಿನಿಂದಲೇ ಯುಪಿಐ ಬಳಸಲು ಅವಕಾಶ ಸಿಕ್ಕಿದೆ. ಮೊದಲು ಪಟ್ಟಿಗೆ ಬಂದದ್ದು 10 ದೇಶಗಳು: ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಸಿಂಗಾಪುರ, ಹಾಂಗ್‌ಕಾಂಗ್, ಯುಎಇ, ಸೌದಿ ಅರೇಬಿಯಾ, ಕತಾರ್, ಒಮಾನ್. ನಿಮ್ಮ ಬ್ಯಾಂಕ್ ಇದನ್ನು ಕೊಡುತ್ತದೆಯೇ ಎಂದು ಹೊರಡುವ ಮೊದಲೇ ಕೇಳಿ.

ಒಟಿಪಿಯನ್ನೇ ನಂಬಿ ಕೂರದಿರುವುದು ಇನ್ನೂ ಒಳ್ಳೆಯದು. ಇಮೇಲ್‌ಗೆ ಮೆಸೇಜ್ ಇಲ್ಲದೆ ಫೋನಿನಲ್ಲೇ ಲಾಗಿನ್ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ. ಆ ಆ್ಯಪ್ ಕೈಗೆ ಸಿಗದಾಗ ಒಳಹೋಗಲು ಬೇಕಾದ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ವಾಟ್ಸಾಪಿಗೆ ಎರಡು ಹಂತದ ಪಿನ್ ಇಡಿ. ಫೋನ್ ಕಳೆದುಹೋದ ದಿನ ಇದೇ ನಿಮ್ಮನ್ನು ಕಾಪಾಡುತ್ತದೆ.

ಫೋನ್ ಅಲ್ಲಿ ಕೆಲಸ ಮಾಡುತ್ತದೆಯೇ?

ಇದನ್ನು ಬಹಳ ಜನ ನೋಡುವುದೇ ಇಲ್ಲ. ಹಲವು ದೇಶಗಳಲ್ಲಿ 3ಜಿ ನೆಟ್‌ವರ್ಕ್ ಮುಚ್ಚಿದ್ದಾರೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ ನಿಲ್ಲಿಸಿದವು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರಿನಲ್ಲಿ ನಿಲ್ಲಿಸಿದರು. ಈಗ ಕರೆಯೂ 4ಜಿ ಮೇಲೆಯೇ ಹೋಗಬೇಕು, ಅದಕ್ಕೆ ನಿಮ್ಮ ಫೋನ್ ಮಾಡೆಲ್ಲು ಆ ಕಂಪನಿಯ ವೋಲ್ಟಿಗೆ, ಅಂದರೆ 4ಜಿ ಮೇಲೆ ಕರೆ ಸಾಗಿಸುವ ವ್ಯವಸ್ಥೆಗೆ, ಹೊಂದಬೇಕು. ಭಾರತದಲ್ಲಿ ಚೆನ್ನಾಗಿ ನಡೆಯುವ ಫೋನ್ ಅಲ್ಲಿ ಡೇಟಾ ಕೊಟ್ಟು ಕರೆ ಕೊಡದೆ ಇರುವುದು ಇದರಿಂದಲೇ. ಆಸ್ಟ್ರೇಲಿಯಾದಲ್ಲಂತೂ 4ಜಿ ಮೇಲೆ ತುರ್ತು ಕರೆ ಮಾಡಲಾಗದ ಫೋನನ್ನು ಕಂಪನಿಗಳು ನೆಟ್‌ವರ್ಕಿಗೇ ಬಿಡುವುದಿಲ್ಲ. ಹೋಗುವ ದೇಶದ ಮೊಬೈಲ್ ಕಂಪನಿಯ ತಾಣದಲ್ಲಿ ನಿಮ್ಮ ಫೋನಿನ ಐಎಂಇಐ ನಂಬರ್ (ಪ್ರತಿ ಫೋನಿಗೂ ಬೇರೆಯಾದ ಗುರುತಿನ ಸಂಖ್ಯೆ) ಹಾಕಿ ನೋಡಿ. ಎರಡೇ ನಿಮಿಷದ ಕೆಲಸ.

ತುರ್ತು ಸಂಖ್ಯೆಯನ್ನು ಬಾಯಿಪಾಠ ಮಾಡಿ. ಅಮೆರಿಕ, ಕೆನಡಾದಲ್ಲಿ 911. ಯುರೋಪಿನ ಒಕ್ಕೂಟದ ದೇಶಗಳಲ್ಲಿ 112. ಬ್ರಿಟನ್ನಿನಲ್ಲಿ 999, 112 ಕೂಡ ನಡೆಯುತ್ತದೆ. ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಕಲಿಸಿ. ಫೋನಿನ ಲಾಕ್ ಪರದೆಯಲ್ಲೇ ಕಾಣುವಂತೆ ನಿಮ್ಮ ರಕ್ತದ ಗುಂಪು, ಅಲರ್ಜಿ, ಹತ್ತಿರದವರ ನಂಬರ್ ಹಾಕುವ ಸೌಲಭ್ಯ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಇದೆ. ಅಲ್ಲಿ ಊರಿನಲ್ಲಿರುವ ಅಪ್ಪ ಅಮ್ಮನ ನಂಬರ್ ಒಂದನ್ನೇ ಹಾಕಬೇಡಿ. ನೀವಿರುವ ನಗರದಲ್ಲೇ ಇರುವ ಒಬ್ಬರದ್ದೂ ಇರಲಿ. ಯಾರೂ ಪರಿಚಯ ಇಲ್ಲ ಅಂದರೆ ಸಂಘದವರನ್ನು ಕೇಳಿ. ಯಾರಾದರೂ ಖಂಡಿತ ಒಪ್ಪುತ್ತಾರೆ.

ಮನೆಯವರ ಜೊತೆ

ನೀವು ಹೊರಡುವ ಮೊದಲು ಅಪ್ಪ ಅಮ್ಮನ ಫೋನಿನ ಮುಂದೆ ಒಂದು ಸಂಜೆ ಕೂರಿ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರ ದೊಡ್ಡದು ಮಾಡಿ, ನಿಮ್ಮ ಹೆಸರನ್ನು ಮೊದಲ ಪರದೆಯಲ್ಲೇ ಇಡಿ. ವಾಟ್ಸಾಪ್ ವಿಡಿಯೊ ಕರೆಯಲ್ಲಿ ಪರದೆ ಹಂಚಿಕೊಳ್ಳುವ ಸೌಲಭ್ಯ 2023ರಲ್ಲಿ ಬಂತು. ಅದನ್ನು ಅವರ ಕೈಯಲ್ಲೇ ಒಂದೆರಡು ಸಲ ಮಾಡಿಸಿ. ಮುಂದೆ ಅವರಿಗೆ ಏನಾದರೂ ಗೊಂದಲವಾದರೆ ನೀವು ಇಲ್ಲಿಂದಲೇ ನೋಡಿ "ಮೇಲೆ ಬಲಗಡೆ ಒತ್ತಿ" ಎಂದು ಹೇಳಬಹುದು. ಬ್ಯಾಂಕಿನ ಆ್ಯಪ್ ತೆರೆದಿದ್ದಾಗ ಮಾತ್ರ ಪರದೆಯನ್ನು ಯಾರಿಗೂ ತೋರಿಸಬಾರದು ಎಂದು ಖಡಾಖಂಡಿತವಾಗಿ ಹೇಳಿಡಿ. ವಂಚಕರು ಬಳಸುವ ದಾರಿಯೂ ಇದೇ.

ವಂಚನೆಯ ಮಾತು ಬಂತಲ್ಲ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. "ನಿಮ್ಮ ಮಗನನ್ನು ಪೊಲೀಸರು ಹಿಡಿದಿದ್ದಾರೆ, ಈಗಲೇ ದುಡ್ಡು ಹಾಕಿ" ಎಂಬ ಕರೆ ಹೊರದೇಶದಲ್ಲಿ ಮಕ್ಕಳಿರುವ ಮನೆಗಳಿಗೂ ಬರುತ್ತದೆ. ಈಗ ದನಿಯನ್ನೂ ಅನುಕರಿಸಬಲ್ಲರು. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ. ಅದನ್ನು ಹೇಳದವರಿಗೆ ಒಂದು ರೂಪಾಯಿಯೂ ಇಲ್ಲ. ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸುವ ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ ಎಂದು ತಿಳಿಸಿ. ಭಾರತದ ಸೈಬರ್ ವಂಚನೆ ಸಹಾಯವಾಣಿ 1930 ಅನ್ನು ಅವರ ಫೋನಿನಲ್ಲಿ ಸೇವ್ ಮಾಡಿ. ಹಣ ಹೋದ ಮೇಲೆ ಎಷ್ಟು ಬೇಗ ಕರೆ ಮಾಡಿದರೆ ಅಷ್ಟು ತಡೆಯುವ ಸಾಧ್ಯತೆ ಜಾಸ್ತಿ. ಇಂಥದ್ದೇ ಕರೆ ನಿಮಗೂ ಬರುತ್ತದೆ, ವಲಸೆ ಇಲಾಖೆಯವರ ಹೆಸರಿನಲ್ಲಿ, ವೀಸಾ ರದ್ದು ಮಾಡುತ್ತೇವೆ ಎಂದು. ಕಟ್ ಮಾಡಿ. ಇಲಾಖೆಯ ಅಧಿಕೃತ ನಂಬರಿಗೆ ನೀವೇ ಫೋನ್ ಮಾಡಿ ವಿಚಾರಿಸಿ.

ಹೋಗುವ ದೇಶದಲ್ಲಿ ಯಾವ ಆ್ಯಪ್ ನಡೆಯುತ್ತದೆ ಎಂದೂ ನೋಡಿಕೊಳ್ಳಿ. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಆದರೆ ಅದರ ಕರೆಗಳಿಗೆ ತಡೆ ಇದೆ. ಅಲ್ಲಿಯವರು ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್ ಬಳಸುತ್ತಾರೆ. ಚೀನಾದಲ್ಲಿ ವಾಟ್ಸಾಪೇ ಇಲ್ಲ. ಬೇಕಾದ ಆ್ಯಪನ್ನು ಮನೆಯವರ ಫೋನಿನಲ್ಲೂ ಮೊದಲೇ ಹಾಕಿ ಪರೀಕ್ಷೆ ಮಾಡಿ.

ಸಮಯದ ವ್ಯತ್ಯಾಸ ವರ್ಷಪೂರ್ತಿ ಒಂದೇ ಇರುವುದಿಲ್ಲ. ಬೇಸಿಗೆಯಲ್ಲಿ ನ್ಯೂಯಾರ್ಕ್ ಭಾರತಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಲಂಡನ್ ನಾಲ್ಕೂವರೆ, ಆಮೇಲೆ ಐದೂವರೆ. ಗಡಿಯಾರ ಬದಲಾಗುವ ವಾರ ಅಮ್ಮ ಒಂದು ಗಂಟೆ ಕಾದು ಕೂರುವುದು ಬೇಡ, ಮುಂಚೆಯೇ ತಿಳಿಸಿ. ಕರೆಗೆ ಸಮಯ ಹೊಂದದ ದಿನ ಒಂದು ವಾಯ್ಸ್ ಮೆಸೇಜ್ ಕಳಿಸಿ. ಟೈಪ್ ಮಾಡಿದ "ಚೆನ್ನಾಗಿದೀನಿ"ಗಿಂತ ನಿಮ್ಮ ದನಿಯಲ್ಲಿ ಬಂದ ಎರಡು ಮಾತು ಅವರಿಗೆ ಎಷ್ಟೋ ಸಮಾಧಾನ. ಅದನ್ನು ಮತ್ತೆ ಮತ್ತೆ ಕೇಳುತ್ತಾರೆ ಕೂಡ.

ಈಗ, ಇರುವ ಜಾಗವನ್ನು ಕಲಿಯುವುದು

ಬಂದ ಮೇಲೂ ಸಂಜೆಯಿಡೀ ಕನ್ನಡ ಸುದ್ದಿ, ಕನ್ನಡ ವಿಡಿಯೊ, ಊರಿನ ಗೆಳೆಯರ ಗುಂಪು, ಇಷ್ಟರಲ್ಲೇ ಇರುವವರನ್ನು ನಾನು ಬಹಳ ನೋಡಿದ್ದೇನೆ. ಒಳ್ಳೆಯ ಹುಡುಗರು, ಓದಿದವರು. ಆದರೂ ಡಾಕ್ಟರ ಅಪಾಯಿಂಟ್‌ಮೆಂಟಿಗೆ ಫೋನ್ ಮಾಡಲು ಹೆದರುತ್ತಾರೆ, ಬೇರೆಯವರಿಂದ ಮಾಡಿಸುತ್ತಾರೆ. ಅದು ನೋಡಲು ನನಗೆ ನಿಜಕ್ಕೂ ಸಂಕಟ. ಮುಖ ಕಾಣದೆ, ಬೇರೆ ಉಚ್ಚಾರಣೆಯಲ್ಲಿ, ವೇಗವಾಗಿ ಬರುವ ಮಾತನ್ನು ಅರ್ಥ ಮಾಡಿಕೊಳ್ಳುವುದು ಭಾಷೆಯ ಎಲ್ಲ ಕೆಲಸಗಳಲ್ಲೂ ಕಷ್ಟದ್ದು. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಕಷ್ಟವೇ. ಇದಕ್ಕೆ ಅಭ್ಯಾಸ ಬೇಕು, ನಾಚಿಕೆ ಬೇಡ.

ಹೀಗೆ ಶುರು ಮಾಡಿ. ಮಾಡಬೇಕಾದ ಕರೆಯ ಮೊದಲ ಮೂರು ವಾಕ್ಯವನ್ನು ಬರೆದುಕೊಳ್ಳಿ: ಯಾರು, ಏನು ಬೇಕು, ಯಾವಾಗ. ಜನ್ಮದಿನಾಂಕ, ವಿಳಾಸ, ಪೋಸ್ಟ್‌ಕೋಡ್ ಪಕ್ಕದಲ್ಲಿರಲಿ, ಅವನ್ನು ಕೇಳಿಯೇ ಕೇಳುತ್ತಾರೆ. ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳುವುದನ್ನು ಮೊದಲೇ ಅಭ್ಯಾಸ ಮಾಡಿ. ನಮ್ಮ ಉದ್ದದ ಹೆಸರುಗಳಿಗೆ ಇದು ಬೇಕೇ ಬೇಕು. ಅರ್ಥ ಆಗದಿದ್ದರೆ ನಿಧಾನವಾಗಿ ಹೇಳಿ ಎಂದು ಕೇಳಿ. ಕೊನೆಗೆ ಅವರು ಹೇಳಿದ ದಿನ, ಸಮಯವನ್ನು ನೀವೇ ತಿರುಗಿ ಹೇಳಿ ಖಚಿತ ಮಾಡಿಕೊಳ್ಳಿ. ಆಂಡ್ರಾಯ್ಡಿನ ಲೈವ್ ಟ್ರಾನ್ಸ್‌ಕ್ರೈಬ್ ಮುಂದೆ ನಡೆಯುತ್ತಿರುವ ಮಾತನ್ನು ಅಕ್ಷರದಲ್ಲಿ ತೋರಿಸುತ್ತದೆ. ಸ್ಪೀಕರ್ ಹಾಕಿ ಇನ್ನೊಂದು ಫೋನಿನಲ್ಲಿ ಅದನ್ನು ತೆರೆದಿಟ್ಟರೆ ತಪ್ಪಿದ ಪದ ಸಿಗುತ್ತದೆ. ಕೆಲವು ಕರೆ ಆದ ಮೇಲೆ ಅದರ ಕಡೆ ನೋಡುವುದೇ ಮರೆಯುತ್ತೀರಿ.

ಹೊಸ ಭಾಷೆಯೇ ಇರುವ ದೇಶವಾದರೆ ಉಚಿತ ಪಾಠಗಳು ಬೇಕಾದಷ್ಟಿವೆ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ ಆರಂಭದ ಹಂತದಿಂದ ಜರ್ಮನ್ ಕಲಿಸುತ್ತದೆ, ಜಪಾನಿನ ಎನ್‌ಎಚ್‌ಕೆ ವರ್ಲ್ಡ್ ಜಪಾನಿ ಕಲಿಸುತ್ತದೆ, ಇಂಗ್ಲಿಷಿಗೆ ಬಿಬಿಸಿಯ ಪಾಠಗಳಿವೆ. ಡುವೊಲಿಂಗೊ ಥರದ ಆಟದ ಆ್ಯಪ್ ದಿನಾ ಕೂರುವ ರೂಢಿಗೆ ಸರಿ, ಆದರೆ ಅದೊಂದರಿಂದ ಮಾತು ಬರುವುದಿಲ್ಲ. ಅಲ್ಲಿ ಕಲಿತ ವಾಕ್ಯವನ್ನು ಅದೇ ದಿನ ಬಾಯಿಬಿಟ್ಟು ಒಬ್ಬರ ಹತ್ತಿರ ಆಡಿ. ಗೂಗಲ್ ಟ್ರಾನ್ಸ್‌ಲೇಟಿನಲ್ಲಿ ಆ ಭಾಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದಾಗಲೂ ಬೋರ್ಡು, ಪತ್ರ ಓದಬಹುದು. ಬಾಡಿಗೆ ಒಪ್ಪಂದ, ಆಸ್ಪತ್ರೆಯ ಕಾಗದಕ್ಕೆ ಮಾತ್ರ ಅದನ್ನೇ ನಂಬಬೇಡಿ. ಅಲ್ಲಿ ಒಂದು ಪದ ತಪ್ಪಿದರೂ ನಷ್ಟ ನಿಮ್ಮದೇ. ಅಂಥ ಕಡೆ ಮನುಷ್ಯ ದುಭಾಷಿಯನ್ನು ಕೇಳಿ. ಆಸ್ಟ್ರೇಲಿಯಾದಲ್ಲಿ ಸರ್ಕಾರದ ದುಭಾಷಿ ಸೇವೆ 131 450ರಲ್ಲಿ ಫೋನಿನಲ್ಲೇ ಸಿಗುತ್ತದೆ. ಬ್ರಿಟನ್, ಅಮೆರಿಕದ ಆಸ್ಪತ್ರೆಗಳಲ್ಲೂ ದುಭಾಷಿ ಬೇಕು ಎಂದು ಕೇಳುವ ಹಕ್ಕಿದೆ. ಅಪ್ಪ ಅಮ್ಮ ನಿಮ್ಮ ಹತ್ತಿರ ಬಂದಾಗ ಇದು ನೆನಪಿರಲಿ.

ನನ್ನ ಪಾಲಿಗೆ ಎಲ್ಲಕ್ಕಿಂತ ಒಳ್ಳೆಯ ಸಲಹೆ ಇದು: ವಾಸದ ವಿಳಾಸ ಸಿಕ್ಕ ತಕ್ಷಣ ಸಾರ್ವಜನಿಕ ಗ್ರಂಥಾಲಯದ ಕಾರ್ಡ್ ಮಾಡಿಸಿ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾದ ಬಹಳಷ್ಟು ಗ್ರಂಥಾಲಯಗಳ ಕಾರ್ಡನ್ನು ಲಿಬ್ಬಿ ಆ್ಯಪಿಗೆ ಹಾಕಿದರೆ ಪುಸ್ತಕ, ಆಡಿಯೊ ಪುಸ್ತಕ, ಪತ್ರಿಕೆ ಎಲ್ಲ ಫೋನಿಗೇ ಉಚಿತವಾಗಿ ಬರುತ್ತವೆ. ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳಿ. ಅಲ್ಲಿನ ಸ್ಥಳೀಯ ರೇಡಿಯೊವನ್ನೂ ಕೇಳಿ. ಜನ ಯಾವುದರ ಬಗ್ಗೆ ಮಾತಾಡುತ್ತಾರೆ, ಯಾವುದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ ಎಂದು ಅದರಿಂದ ಗೊತ್ತಾಗುತ್ತದೆ. ಆಫೀಸಿನಲ್ಲಿ ಮಾತಿಗೆ ಸೇರಲು ಅಷ್ಟು ಸಾಕು.

ಮಕ್ಕಳ ಕನ್ನಡ

ಇಲ್ಲೇ ಬೆಳೆಯುವ ಮಕ್ಕಳಿಗೆ ಶಾಲೆಯ ಭಾಷೆ ತಾನಾಗಿ ಬರುತ್ತದೆ, ಕನ್ನಡ ಹಾಗೆ ಬರುವುದಿಲ್ಲ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಮಕ್ಕಳ ಕಥೆಗಳ ತಾಣ ಸ್ಟೋರಿವೀವರ್‌ನಲ್ಲಿ ಚಿತ್ರಗಳಿರುವ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಸುಲಭದಿಂದ ಕಷ್ಟಕ್ಕೆ ಹಂತ ಹಂತವಾಗಿ. ಒಂದೇ ಕಥೆಯನ್ನು ಅಜ್ಜಿ ಅಲ್ಲಿ, ಮಗು ಇಲ್ಲಿ ತೆರೆದುಕೊಂಡು ವಿಡಿಯೊ ಕರೆಯಲ್ಲಿ ಒಂದೊಂದು ಪುಟ ಓದಲಿ. "ಊಟ ಆಯ್ತಾ, ಸ್ಕೂಲ್ ಹೇಗಿದೆ" ಆದ ಮೇಲೆ ಏನು ಮಾತಾಡುವುದು ಎಂಬ ತೊಡಕೂ ಇದರಿಂದ ತಪ್ಪುತ್ತದೆ. ದೊಡ್ಡ ಮಕ್ಕಳಿಗೆ ಪದದ ಅರ್ಥ ಹುಡುಕಲು ಅಲರ್ ಕನ್ನಡ–ಇಂಗ್ಲಿಷ್ ನಿಘಂಟು ಇದೆ. ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಹಾಕಿಕೊಟ್ಟು, ಅಜ್ಜ ಅಜ್ಜಿಗೆ ಕನ್ನಡ ಲಿಪಿಯಲ್ಲೇ ಮೆಸೇಜ್ ಬರೆಯಲು ಬಿಡಿ. ಕಾಗುಣಿತ ತಪ್ಪಿದರೆ ತಪ್ಪಲಿ, ಅಜ್ಜ ತಿದ್ದಿ ಕಳಿಸುತ್ತಾರೆ.

ಸಂಘದ ಗುಂಪಿನಲ್ಲಿ

ಸೇರಿದ ಮೇಲೆ ಸುಮ್ಮನಿರಬೇಡಿ, ಕೇಳಿ. ಪಾಸ್‌ಪೋರ್ಟ್, ವೀಸಾ, ಬೋರ್ಡಿಂಗ್ ಪಾಸಿನ ಫೋಟೊ ಮಾತ್ರ ಗುಂಪಿಗೆ ಹಾಕಬೇಡಿ; ನೂರಾರು ಜನರ ಫೋನಿಗೆ ಹೋದದ್ದು ವಾಪಸ್ ಬರುವುದಿಲ್ಲ. ಫೋನಿನ ತೊಂದರೆ ಕೇಳುವಾಗ ಮಾಡೆಲ್, ಮೊಬೈಲ್ ಕಂಪನಿ, ಯಾವ ದೇಶದ ಸಿಮ್, ಪರದೆಯ ಮೇಲೆ ಬಂದ ಸಂದೇಶ, ಇಷ್ಟನ್ನು ಬರೆಯಿರಿ. ಅಷ್ಟಿದ್ದರೆ ನಮ್ಮಲ್ಲಿ ಯಾರಾದರೊಬ್ಬರು ಅದೇ ದಿನ ಉತ್ತರ ಕೊಡುತ್ತಾರೆ. ಬರೆಯಲು ಬೇಜಾರಾದರೆ ಸಂಘದ ಮುಂದಿನ ಕೂಟಕ್ಕೆ ಫೋನನ್ನೇ ತನ್ನಿ, ಪಕ್ಕದಲ್ಲಿ ಕೂತು ಸರಿ ಮಾಡಿಕೊಡುತ್ತೇವೆ.