ಬೀಳುವ ಸ್ಕೇಲಿನಲ್ಲಿ ಮೆದುಳಿನ ತೀರ್ಮಾನ ಅಳೆಯುವುದು ಹೇಗೆ?

ಬೀಳುವ ಸ್ಕೇಲ್ ಹಿಡಿಯುವುದನ್ನು ಮಕ್ಕಳಿಗೆ ಪರಾವರ್ತಿತ ಕ್ರಿಯೆ ಎಂದು ಹೇಳಿಕೊಡಬೇಡಿ. ಮಂಡಿಯ ಕೆಳಗೆ ತಟ್ಟಿದಾಗ ಕಾಲು ಚಿಮ್ಮುವುದು ಬೆನ್ನುಹುರಿಯ ಕೆಲಸ. ಸ್ಕೇಲ್ ಹಿಡಿಯುವ ಆಜ್ಞೆ ಹೊರಡುವುದು ಮೆದುಳಿನ ಮುಂಭಾಗದ ಹೊರಪದರವಾದ ಫ್ರಂಟಲ್ ಕಾರ್ಟೆಕ್ಸ್‌ನಿಂದ. ಬೆರಳಿನ ಚಲನೆ ಬದಲಾಗಬಾರದು, ತೀರ್ಮಾನ ಮಾತ್ರ ಕಠಿಣವಾಗಬೇಕು: ಪ್ರಯೋಗದ ಜೀವಾಳ ಇದೇ.

ಮುಂಗೈ ಮೇಜಿನ ಮೇಲಿರಲಿ, ಅಂಗೈ ಅಂಚಿನಾಚೆ ಇರಲಿ. ಹೆಬ್ಬೆರಳು, ತೋರುಬೆರಳಿನ ನಡುವೆ 2 ಸೆಂ.ಮೀ. ಅಂತರ ಬಿಟ್ಟು, ಮೀಟರ್ ಸ್ಕೇಲಿನ ಸೊನ್ನೆಯನ್ನು ಹೆಬ್ಬೆರಳಿನ ಮಟ್ಟಕ್ಕೆ ತನ್ನಿ. 2ರಿಂದ 5 ಸೆಕೆಂಡಿನೊಳಗೆ ಯಾವಾಗಲಾದರೂ ಬಿಡಿ. ಹಿಡಿದ ಜಾಗದ ಸೆಂ.ಮೀ. ಅನ್ನು 490ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸೆಕೆಂಡು ಸಿಗುತ್ತದೆ: 20 ಸೆಂ.ಮೀ. ಅಂದರೆ ಸುಮಾರು 0.20. ಮೊದಲ ಮೂರು ಸಲದ ಲೆಕ್ಕ ಬಿಡಿ, ನಂತರದ ಹತ್ತರ ಮಧ್ಯದ ಬೆಲೆ ಬರೆದುಕೊಳ್ಳಿ.

ಈಗ ಎರಡೂ ಕೈಗೆ ಒಂದೊಂದು ಸ್ಕೇಲ್. ಬೀಳುವುದು ಒಂದೇ, ಹಿಡಿಯಬೇಕಾದದ್ದೂ ಅದೇ ಕೈ. 30 ಸೆಂ.ಮೀ. ಸ್ಕೇಲ್ ಇಲ್ಲಿ ಸಾಲದು; 0.25 ಸೆಕೆಂಡಿನಲ್ಲೇ ಅದು ಪೂರ್ತಿ ಜಾರಿಹೋಗುತ್ತದೆ. ಎಡ, ಬಲದ ಸರದಿಯನ್ನು ನಾಣ್ಯ ಚಿಮ್ಮಿ ಮೊದಲೇ ಬರೆದಿಡಿ. ಇಲ್ಲದಿದ್ದರೆ ಬಿಡುವವರು ತಿಳಿಯದೆಯೇ ಎಡ-ಬಲ-ಎಡ ಎಂದು ಹೋಗುತ್ತಾರೆ, ಮಕ್ಕಳು ಊಹಿಸಿಬಿಡುತ್ತಾರೆ. 5 ಸೆಂ.ಮೀ.ಗಿಂತ ಮೊದಲೇ ಹಿಡಿದಿದ್ದರೆ ಅದೂ ಊಹೆಯೇ, ತೆಗೆದುಹಾಕಿ. ಕಲಬುರಗಿಯ ಮಾರ್ಚ್ ಬಿಸಿಲಿಗೆ ಬೆವರಿದ ಬೆರಳಿಂದ ಸ್ಕೇಲ್ ಜಾರಿ ಸಮಯ ಸುಳ್ಳೇ ಹೆಚ್ಚುತ್ತದೆ. ಪ್ರತಿ ಸಲ ಒರೆಸಿಕೊಳ್ಳಲಿ. ತಪ್ಪು ಕೈ ಮುಚ್ಚಿಕೊಂಡದ್ದನ್ನು ಬೇರೆಯಾಗಿ ಎಣಿಸಿ. ತಪ್ಪು ಕೈಯ ಚಲನೆಯನ್ನು ತಡೆಯುವುದೂ ಫ್ರಂಟಲ್ ಕಾರ್ಟೆಕ್ಸ್‌ನ ಹೊಣೆಯೇ.

ಒಂದು ಸ್ಕೇಲಿನ ಮತ್ತು ಎರಡು ಸ್ಕೇಲಿನ ಸಮಯಗಳ ವ್ಯತ್ಯಾಸ ಆಯ್ಕೆಗೆ ಹಿಡಿದ ಹೊತ್ತು. ಯಾವ ಸ್ಕೇಲ್ ಬಿತ್ತೆಂದು ಕಣ್ಣು ಗುರುತಿಸುವ ಸಮಯವೂ ಅದರಲ್ಲಿ ಸೇರಿದೆ, ಆದ್ದರಿಂದ ಪೂರ್ತಿ ಫ್ರಂಟಲ್ ಲೆಕ್ಕಕ್ಕೆ ಹಾಕಬೇಡಿ. ಫ್ರಂಟಲ್ ಕಾರ್ಟೆಕ್ಸ್‌ನ ಪ್ರಿಮೋಟರ್ ಭಾಗ ಚಲನೆಯನ್ನು ಸಿದ್ಧಮಾಡುತ್ತದೆ, ಅದರ ಹಿಂದಿನ ಮೋಟರ್ ಕಾರ್ಟೆಕ್ಸ್ ಬೆರಳಿಗೆ ಆಜ್ಞೆ ಕಳಿಸುತ್ತದೆ. ಸ್ನಾಯು ಕದಲುವ ಮೊದಲೇ ಅಲ್ಲಿನ ನರಕೋಶಗಳು ಚುರುಕಾಗುವುದನ್ನು ವಿಜ್ಞಾನಿ ಎವರ್ಟ್ಸ್ 1960ರ ದಶಕದಲ್ಲಿ ಕೋತಿಗಳಲ್ಲಿ ದಾಖಲಿಸಿದರು.

ಸಮಯ ಉಳಿದರೆ ನೆನಪನ್ನು ಹಿಡಿದಿಡುವ ಕೆಲಸವನ್ನೂ ನೋಡಿ: ಆರು ಬಟ್ಟಲು ಬೋರಲು ಹಾಕಿ, ಮಕ್ಕಳೆದುರೇ ಒಂದರಡಿ ತೊಗರಿಕಾಳು ಇಡಿ. ರಟ್ಟಿನಿಂದ ಮರೆಮಾಡಿ 15 ಸೆಕೆಂಡು ಕಾಯಿಸಿ, ಬಟ್ಟಲು ತೋರಿಸಲು ಹೇಳಿ. ಮುಂದಿನ ಸುತ್ತಿನಲ್ಲಿ ಕಾಯುವಾಗ 100ರಿಂದ ಏಳೇಳು ಕಳೆಯುತ್ತಾ ಜೋರಾಗಿ ಎಣಿಸಲಿ. ಫ್ರಂಟಲ್ ಕಾರ್ಟೆಕ್ಸ್‌ನ ಮುಂತುದಿಯಾದ ಪ್ರಿಫ್ರಂಟಲ್ ಭಾಗ ತೆಗೆದ ಕೋತಿಗಳು ಇಂಥದೇ ಪರೀಕ್ಷೆಯಲ್ಲಿ ಸೋಲುವುದನ್ನು ಸಂಶೋಧಕ ಜೇಕಬ್ಸನ್ 1930ರ ದಶಕದಲ್ಲಿ ತೋರಿಸಿದರು. ಕಾಯುವ ಹೊತ್ತಿನಲ್ಲಿ ಕತ್ತಲೆ ಮಾಡಿದರೆ ಅವು ಸುಧಾರಿಸುತ್ತವೆ ಎಂದು 1942ರಲ್ಲಿ ಇನ್ನೊಬ್ಬ ಸಂಶೋಧಕ ಮಾಲ್ಮೊ ಕಂಡರು; ಗಮನ ಬೇರೆಡೆ ಹೋಗದಿದ್ದರೆ ನೆನಪು ಉಳಿಯುತ್ತದೆ ಎಂಬುದು ಇದರ ಸುಳಿವು. ಆದ್ದರಿಂದ ಎಣಿಕೆಯಿಲ್ಲದ ಸುತ್ತಿನಲ್ಲಿ ತರಗತಿಯ ಗದ್ದಲ ಪೂರ್ತಿ ನಿಲ್ಲಿಸಿ.