ಸಿಗಡಿ ಬಣ್ಣ ಬದಲಿಸುವುದನ್ನು ಮನೆಯಲ್ಲೇ ನೋಡುವುದು ಹೇಗೆ?

ಬೇಯಿಸಿದ ಸಿಗಡಿ ಕೆಂಪಾಗುತ್ತದೆ, ಅಲ್ವಾ? ಅದು ಬರೀ ಬಿಸಿಯ ಕೆಲಸ. ಜೀವಂತ ಸಿಗಡಿ ತಾನಾಗಿ ಬಣ್ಣ ಏರಿಸಿ ಇಳಿಸುವುದನ್ನು ನೋಡಲು ಎರಡು ಬೋಗುಣಿ, ಒಂದು ಭೂತಗನ್ನಡಿ ಸಾಕು.

ಮೊದಲು ಅಕ್ವೇರಿಯಂ ಅಂಗಡಿಯಿಂದ ಮೈಯೊಳಗೆಲ್ಲ ಕಾಣುವ, ಗಾಜಿನಂಥ ಸಣ್ಣ ಸಿಗಡಿ ನಾಲ್ಕಾರು ತನ್ನಿ. ಕಡುಕೆಂಪು ತಳಿ ಬೇಡ, ಅದರಲ್ಲಿ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಅವು ಇದ್ದ ತೊಟ್ಟಿಯ ನೀರನ್ನೇ ಜಾಸ್ತಿ ಕೇಳಿ ತನ್ನಿ. ನಾನು ಮೊದಲ ಸಲ ನಲ್ಲಿ ನೀರನ್ನು ನೇರವಾಗಿ ಸುರಿದು, ಕ್ಲೋರಿನ್‌ಗೆ ಮೂರನ್ನು ಕಳೆದುಕೊಂಡೆ.

ಒಳಗೆ ಬಿಳಿ ಇರುವ ಒಂದು ಬೋಗುಣಿ, ಕಪ್ಪು ಇರುವ ಇನ್ನೊಂದು. ಎರಡನ್ನೂ ಒಂದೇ ಕಿಟಕಿ ಬಳಿ, ನೇರ ಬಿಸಿಲು ಬೀಳದ ಕಡೆ ಇಡಿ. ಸಿಗಡಿಗಳನ್ನು ಹಂಚಿ ಬಿಟ್ಟು ಒಂದೆರಡು ಗಂಟೆ ಸುಮ್ನೆ ಬಿಡಿ.

ಆಮೇಲೆ ಭೂತಗನ್ನಡಿ ಹಿಡಿದು ಬೆನ್ನು ನೋಡಿ. ಬಿಳಿ ಬೋಗುಣಿಯದರಲ್ಲಿ ಪೆನ್ನಿನ ಮೊನೆ ತಾಗಿಸಿದಂಥ ಕೆಂಪು ಚುಕ್ಕೆಗಳು. ಕಪ್ಪಿನದರಲ್ಲಿ ಅದೇ ಚುಕ್ಕೆಗಳು ಕವಲೊಡೆದು ನಕ್ಷತ್ರದ ಹಾಗೆ ಹರಡಿರುತ್ತವೆ. ಜೀವಕೋಶ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಒಳಗಿನ ಬಣ್ಣದ ಕಣಗಳಷ್ಟೇ ಕವಲುಗಳಿಗೆ ಹರಿದು ಹೋಗುತ್ತವೆ, ಇಲ್ಲವೇ ನಡುವಿಗೆ ಬಂದು ಗುಂಪಾಗುತ್ತವೆ. ಈಗ ಬೋಗುಣಿ ಅದಲುಬದಲು ಮಾಡಿ ಮತ್ತೆ ಕಾಯಿರಿ.

ಕಣಗಳಿಗೆ ಹೇಳುವವರು ಯಾರು? ನರ ಅಲ್ಲ, ರಕ್ತ. ಅಮೆರಿಕದ ಪರ್ಕಿನ್ಸ್ 1928ರಲ್ಲಿ ಇದನ್ನು ತೋರಿಸಿದರು. ನರ ಕತ್ತರಿಸಿದರೂ ಬಣ್ಣ ಬದಲಾಗುತ್ತಿತ್ತು, ರಕ್ತನಾಳ ಕತ್ತರಿಸಿದರೆ ಅದರಾಚೆ ನಿಂತುಹೋಗುತ್ತಿತ್ತು. ಸಿಗಡಿಯ ಕಣ್ಣು ಒಂದು ತೊಟ್ಟಿನ ಮೇಲೆ ಕೂತಿರುವುದನ್ನು ನೋಡಿರುತ್ತೀರಿ. ಆ ತೊಟ್ಟನ್ನು ಅರೆದು ತೆಗೆದ ರಸ ಚುಚ್ಚಿದರೆ ಕಪ್ಪಾದ ಸಿಗಡಿ ಬಿಳಿಚಿಕೊಳ್ಳುತ್ತಿತ್ತು. ತಳ ಬಿಳಿಯೋ ಕಪ್ಪೋ ಎಂದು ಕಣ್ಣು ನೋಡುತ್ತದೆ, ಅದರ ಬುಡದಲ್ಲೇ ಹಾರ್ಮೋನಿನ ಉಗ್ರಾಣ!

ಕೆಂಪನ್ನು ಗುಂಪು ಮಾಡುವ ಹಾರ್ಮೋನು ಎಂಟೇ ಅಮೈನೊ ಆಮ್ಲಗಳ ಪುಟ್ಟ ಸರ. ಇಂಥ ಸರಕ್ಕೆ ಪೆಪ್ಟೈಡ್ ಎನ್ನುತ್ತಾರೆ. 1972ರಲ್ಲಿ ಸ್ವೀಡನ್ನಿನ ಫರ್ನ್‌ಲುಂಡ್ ಮತ್ತು ಯೋಸೆಫ್ಸನ್ ಉತ್ತರದ ತಣ್ಣನೆ ಕಡಲಿನ ಸಿಗಡಿಗಳ ಕಣ್ಣುತೊಟ್ಟಿನಿಂದ ಅದನ್ನು ಬಿಡಿಸಿ ತೋರಿಸಿದರು. ಬಣ್ಣ ಹರಡುವ ಹಾರ್ಮೋನು ಬೇರೆ, ಅದರ ಸರದಲ್ಲಿ 18.

ಮಕ್ಕಳು ಕೇಳಿಯೇ ಕೇಳುತ್ತಾರೆ: ತೊಟ್ಟು ಕತ್ತರಿಸಿ ನೋಡೋಣವೇ? ಬೇಡ. ಬಣ್ಣವೊಂದೇ ಅಲ್ಲ, ಪೊರೆ ಕಳಚುವುದು, ಮೊಟ್ಟೆ ಬಲಿಯುವುದು, ಎಲ್ಲದರ ಲಗಾಮೂ ಅಲ್ಲೇ ಇದೆ. ಸಿಗಡಿ ಮರಿ ಮಾಡುವ ಕೇಂದ್ರಗಳಲ್ಲಿ ತಾಯಿ ಸಿಗಡಿಯ ಒಂದು ಕಣ್ಣುತೊಟ್ಟು ತೆಗೆಯುವುದು ಮೊಟ್ಟೆ ಬೇಗ ಬಲಿಯಲಿ ಎಂದೇ. ನನಗಂತೂ ಅದನ್ನು ನೋಡಲಾಗುವುದಿಲ್ಲ.

ನೋಡಿ ಮುಗಿದ ಮೇಲೆ ಸಿಗಡಿಗಳನ್ನು ಕೆರೆಗೆ ಬಿಡಬೇಡಿ, ಅಂಗಡಿಯವು ಯಾವ ಊರಿನವೋ ಏನೋ. ಅಂಗಡಿಗೇ ವಾಪಸ್ ಕೊಡಿ, ಇಲ್ಲ ಸಾಕಿಕೊಳ್ಳಿ.